ಬರೆಯದ ಮನೆಯ ಸಾಕ್ಷ್ಯ: ದತ್ತಸಂಚಯಗಳಲ್ಲಿ ಅಭಾವದ ವಿಚಾರ

೧

ಇತಿಹಾಸದ ಆಕರಗಳನ್ನು ಪರೀಕ್ಷಿಸುವವನಿಗೆ ಬರೆದಿರುವುದನ್ನು ಓದುವ ಶಿಕ್ಷಣ ಸಾಕಷ್ಟು ದೊರೆಯುತ್ತದೆ. ಬರೆಯದಿರುವುದನ್ನು ಓದುವ ಶಿಕ್ಷಣ ದೊರೆಯುವುದು ಅಪೂರ್ವ. ಲಿಪಿಯನ್ನು ಬಲ್ಲ, ಭಾಷೆಯನ್ನು ಬಲ್ಲ, ಕೂಟಶಾಸನವನ್ನು ಸಾಚಾ ಶಾಸನದಿಂದ ಬೇರ್ಪಡಿಸಬಲ್ಲ ವಿದ್ವಾಂಸನೂ ಕೋಷ್ಟಕವೊಂದರ ಬರಿದಾದ ಮನೆಯನ್ನು ಕಂಡಾಗ ಅದನ್ನು ದಾಟಿ ಮುಂದಿನ ಮನೆಗೆ ಹೋಗಿಬಿಡುತ್ತಾನೆ. ಕೋಷ್ಟಕಗಳು ಕಾಗದದ ಮೇಲೆ ಇದ್ದಷ್ಟು ಕಾಲ ಇದರಿಂದ ಒದಗುತ್ತಿದ್ದ ಹಾನಿ ಅಲ್ಪವೇ ಆಗಿತ್ತು. ಮನೆ ಏಕೆ ಬರಿದಾಗಿದೆ ಎಂಬುದನ್ನು ಅಂಚಿನ ಟಿಪ್ಪಣಿಯಿಂದಲೋ, ಬೇರೊಂದು ಶಾಯಿಯ ಗುರುತಿನಿಂದಲೋ, ಕಡೆಗೆ ಬರೆದವನ ಕೈಬರಹದ ಆತುರದಿಂದಲೋ ಊಹಿಸಲು ಅವಕಾಶವಿತ್ತು. ಈಗ ಶಾಸನಗಳ ಸೂಚಿ, ಜನಗಣತಿಯ ಪಟ್ಟಿ, ಕಂದಾಯದ ಕಡತ ಇವೆಲ್ಲವೂ ಗಣಕಯಂತ್ರದ ದತ್ತಸಂಚಯಗಳಿಗೆ ಏರುತ್ತಿವೆ. ಯಂತ್ರಕ್ಕೆ ಅಂಚಿನ ಟಿಪ್ಪಣಿ ಕಾಣದು. ಮನೆಯಲ್ಲಿ ಏನನ್ನು ಇಟ್ಟಿದ್ದೇವೆಯೋ ಅಷ್ಟೇ ಅದಕ್ಕೆ ಗೊತ್ತು.

ಈ ವಿಚಾರಕ್ಕೆ ನಮ್ಮನ್ನು ಎಳೆದು ತಂದದ್ದು ಒಂದು ಸಣ್ಣ ಪ್ರಸಂಗ. ಸ್ನಾತಕೋತ್ತರ ತರಗತಿಯ ಮೂವರು ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ ಮುದ್ರಿತ ಶಾಸನ ಸಂಪುಟಗಳಿಂದ ಒಂದು ಕೋಷ್ಟಕವನ್ನು ಸಿದ್ಧಪಡಿಸಿದರು. ಊರು, ಅರಸ, ಶಕವರ್ಷ, ದಾನಿಯ ಹೆಸರು, ದಾನಿಯ ತಂದೆಯ ಅಥವಾ ಗಂಡನ ಹೆಸರು ಎಂದು ಅದಕ್ಕೆ ಅಂಕಣಗಳು. ವಿವರ ದೊರೆಯದ ಕಡೆಗಳಲ್ಲಿ ಒಬ್ಬನು ಮನೆಯನ್ನು ಮುಟ್ಟದೆ ಬಿಟ್ಟನು. ಒಬ್ಬಳು ತೆರಪಿನ ಕೀಲಿಯನ್ನು ಒಮ್ಮೆ ಒತ್ತಿ ಮುಂದೆ ಹೋದಳು. ಮತ್ತೊಬ್ಬನು 'ಇಲ್ಲ' ಎಂದು ಬರೆದನು. ಮೂವರ ಮನಸ್ಸಿನಲ್ಲಿಯೂ ಇದ್ದ ಅರ್ಥ ಒಂದೇ. ಯಂತ್ರವಾದರೋ ಇವನ್ನು ಮೂರು ಬೇರೆ ಸಂಗತಿಗಳೆಂದು ಎಣಿಸಿತು. ಅದೇ ಯಂತ್ರ, ಕಲ್ಲು ಒಡೆದು ವರ್ಷ ಅಳಿದುಹೋದ ಶಾಸನವನ್ನೂ, ವರ್ಷವನ್ನು ಹೇಳುವ ಉದ್ದೇಶವೇ ಇರದಿದ್ದ ಶಾಸನವನ್ನೂ ಒಂದೇ ಗುಂಪಿಗೆ ಸೇರಿಸಿತು. ಒಂದಾಗಿದ್ದುದು ಮೂರಾಯಿತು, ಬೇರೆಯಾಗಿದ್ದುದು ಒಂದಾಯಿತು.

ಪರಿಣಾಮ ಇಷ್ಟಕ್ಕೇ ನಿಲ್ಲಲಿಲ್ಲ. ಸ್ತ್ರೀದಾನಿಗಳಲ್ಲಿ ಅನೇಕರ ಮುಂದೆ ಗಂಡನ ಹೆಸರಿನ ಮನೆ ಬರಿದಾಗಿರುವುದನ್ನು ಕಂಡ ವಿದ್ಯಾರ್ಥಿನಿ, ಅವರೆಲ್ಲರೂ ಸ್ವತಂತ್ರವಾಗಿ ಸ್ವತ್ತನ್ನು ಹೊಂದಿದ್ದ ಅವಿವಾಹಿತೆಯರಾಗಿರಬೇಕೆಂದು ತನ್ನ ಪ್ರಬಂಧದಲ್ಲಿ ಬರೆದಳು. ಆ ನಿರ್ಣಯ ಆಕರ್ಷಕವಾಗಿತ್ತು. ಅದಕ್ಕೆ ಅಂಕಿಸಂಖ್ಯೆಗಳ ಬೆಂಬಲವೂ ಇತ್ತು. ಮೂಲ ಸಂಪುಟಗಳನ್ನು ತೆರೆದು ನೋಡಿದಾಗ ಕೆಲವು ಕಡೆ ಆ ಸಾಲೇ ಸವೆದುಹೋಗಿತ್ತು. ಕೆಲವು ಕಡೆ ದಾನಿಯ ವಂಶವನ್ನು ಹೇಳುವ ಪ್ರಯತ್ನವೇ ಶಾಸನದಲ್ಲಿ ಇರಲಿಲ್ಲ. ಇನ್ನು ಕೆಲವನ್ನು ಕೋಷ್ಟಕ ಬರೆದವರು ಪೂರ್ತಿಯಾಗಿ ಓದಿಯೇ ಇರಲಿಲ್ಲ. ತಪ್ಪನ್ನು ವಿದ್ಯಾರ್ಥಿಗಳ ಮೇಲೆ ಹೊರಿಸುವುದು ನ್ಯಾಯವಾಗದು. ಅಂಕಣಗಳನ್ನು ಎಳೆದುಕೊಟ್ಟವರು ನಾವು. ಬರಿದಾದ ಮನೆಗೆ ಏನು ಅರ್ಥವೆಂದು ಹೇಳದೆ ಬಿಟ್ಟವರೂ ನಾವೇ.

ಬರಿದಾದ ಮನೆಯೂ ಒಂದು ಸಾಕ್ಷ್ಯವೆಂಬುದು ಈ ಲೇಖನದ ಪ್ರತಿಪಾದ್ಯ. ಆದರೆ ಅದು ಯಾವುದಕ್ಕೆ ಸಾಕ್ಷ್ಯವೆಂಬುದನ್ನು, ಅದು ಬರಿದಾದ ಕಾರಣವನ್ನು ಜೊತೆಯಲ್ಲಿಯೇ ಬರೆದಿಟ್ಟಿದ್ದರೆ ಮಾತ್ರ ಹೇಳಲು ಬರುತ್ತದೆ. ಇಂದಿನ ದತ್ತಸಂಚಯಗಳ ವ್ಯವಸ್ಥೆ ಈ ಕಾರಣವನ್ನು ಉಳಿಸಿಕೊಳ್ಳುವುದರಲ್ಲಿ ಎಷ್ಟರಮಟ್ಟಿಗೆ ಸಮರ್ಥವಾಗಿದೆ ಎಂಬುದನ್ನು ಇಲ್ಲಿ ವಿಮರ್ಶಿಸಲಾಗುವುದು.

೨

ಮೊದಲು ನಮ್ಮ ಶಾಸನಗಳನ್ನೇ ತೆಗೆದುಕೊಳ್ಳೋಣ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಕನ್ನಡದ ಉಪಲಬ್ಧ ಶಾಸನಗಳಲ್ಲಿ ಅತ್ಯಂತ ಪ್ರಾಚೀನವೆಂದು ಬಹುಕಾಲ ಗಣ್ಯವಾಗಿದ್ದುದು, ವಿದಿತವೇ ಇದೆ. ಅದರಲ್ಲಿ ಕಾಲಸೂಚನೆ ಇಲ್ಲ. ಸುಮಾರು ಕ್ರಿ.ಶ. ೪೫೦ ಎಂದು ನಾವು ಬರೆಯುವುದು ಲಿಪಿ ಮತ್ತು ಇತರ ಒಳ ಆಧಾರಗಳಿಂದ ವಿದ್ವಾಂಸರು ಮಾಡಿದ ನಿರ್ಣಯ; ಶಾಸನದ ಮಾತಲ್ಲ. ಕೋಷ್ಟಕದಲ್ಲಿ ಈ ಶಾಸನದ ಮುಂದೆ ಶಕವರ್ಷದ ಮನೆಯನ್ನು ಬರಿದಾಗಿ ಬಿಡಬೇಕಾಗುತ್ತದೆ. ಆದರೆ ಆ ಬರಿದಿಗೆ 'ವರ್ಷ ಕಳೆದುಹೋಗಿದೆ' ಎಂಬ ಅರ್ಥವಿಲ್ಲ. ಕದಂಬರ ತಾಮ್ರಪಟಗಳಲ್ಲಿ ಸಾಮಾನ್ಯವಾಗಿ ಅರಸನ ಆಳ್ವಿಕೆಯ ವರ್ಷವೇ ಕಾಲಸೂಚನೆ. ಶಕವರ್ಷವನ್ನು ಸ್ಪಷ್ಟವಾಗಿ ಹೇಳುವ ಕರ್ಣಾಟಕದ ಶಾಸನಗಳಲ್ಲಿ ಬಹು ಹಳೆಯದು ಒಂದನೆಯ ಪುಲಕೇಶಿಯ ಬಾದಾಮಿಯ ಬಂಡೆಗಲ್ಲಿನ ಶಾಸನ. ಅದರ ಕಾಲ ಶಕ ೪೬೫, ಎಂದರೆ ಕ್ರಿ.ಶ. ೫೪೩. ಪದ್ಧತಿಯೇ ಈ ನಾಡಿನಲ್ಲಿ ಬೇರೂರದಿದ್ದ ಕಾಲದ ಶಾಸನಕ್ಕೆ ಆ ಪದ್ಧತಿಯ ಅಂಕಣವನ್ನು ತಂದು ಒಡ್ಡಿ, ಅದು ಬರಿದಾಗಿದೆಯೆಂದು ಶಾಸನವನ್ನು ಅಪೂರ್ಣವೆನ್ನುವುದು ತರವಲ್ಲ. ಕೊರತೆ ಇರುವುದು ಅಂಕಣದಲ್ಲಿ.

ಇದರ ಪಕ್ಕದಲ್ಲಿ, ತುದಿ ಮುರಿದು ಶಕವರ್ಷದ ಅಂಕೆಗಳು ಮಣ್ಣುಪಾಲಾದ ಒಂದು ವೀರಗಲ್ಲನ್ನು ಇಟ್ಟು ನೋಡಿ. ಅಲ್ಲಿ ವರ್ಷವಿತ್ತು, ಈಗ ಇಲ್ಲ. ಮೂರನೆಯದಾಗಿ, ಸುಸ್ಥಿತಿಯಲ್ಲಿದ್ದರೂ ವರ್ಷವನ್ನು ಹೇಳದ ಹೊಯ್ಸಳರ ಕಾಲದ ಒಂದು ಸಣ್ಣ ದಾನಶಾಸನವನ್ನು ಇಡಿ. ಅಲ್ಲಿ ಪದ್ಧತಿಯಿತ್ತು, ಕಲ್ಲಿನಲ್ಲಿ ಜಾಗವಿತ್ತು, ಬರೆಯಿಸಿದವನಿಗೆ ಮಾತ್ರ ಬೇಕಾಗಿರಲಿಲ್ಲ. ಕೋಷ್ಟಕದಲ್ಲಿ ಮೂರೂ ಒಂದೇ ಬರಿದು. ಇತಿಹಾಸಕಾರನಿಗೆ ಮೊದಲನೆಯದು ಪದ್ಧತಿಯ ಇತಿಹಾಸವನ್ನೂ, ಎರಡನೆಯದು ಕಲ್ಲಿನ ಇತಿಹಾಸವನ್ನೂ, ಮೂರನೆಯದು ಬರೆಯಿಸಿದವನ ಮನಸ್ಸನ್ನೂ ತಿಳಿಸುತ್ತದೆ.

ನಾಲ್ಕನೆಯ ಬಗೆಯೊಂದುಂಟು. ಅಶೋಕನ ಶಾಸನಗಳ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿ ಓದಿ ಮುಗಿಸಿದಾಗ ಅವುಗಳಲ್ಲಿ ಅರಸನ ಬಿರುದುಗಳು ಕಂಡವೇ ಹೊರತು 'ಅಶೋಕ' ಎಂಬ ಹೆಸರು ಕಾಣಲಿಲ್ಲ. ಪ್ರಿಯದರ್ಶಿಯೇ ಅಶೋಕನೆಂಬುದನ್ನು ಸಿಂಹಳದ ವಂಶಚರಿತ್ರೆಗಳ ನೆರವಿನಿಂದ ಗುರುತಿಸಲಾಯಿತು. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಆ ಹೆಸರನ್ನು ಹೇಳುವ ಬಂಡೆಶಾಸನ ಬೆಳಕಿಗೆ ಬಂದಿತು. ಬಳಿಕ ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳಂ ಶಾಸನಗಳಲ್ಲಿಯೂ ಅದು ಕಂಡಿತು. ೧೯೧೫ಕ್ಕೆ ಮುಂಚೆ ಯಾರಾದರೂ 'ಅರಸನ ವೈಯಕ್ತಿಕ ನಾಮ' ಎಂಬ ಅಂಕಣವನ್ನು ಮಾಡಿ, ಅದರ ಮನೆಗಳಲ್ಲೆಲ್ಲ 'ಇಲ್ಲ' ಎಂದು ತುಂಬಿದ್ದರೆ, ಈ ಅರಸನು ತನ್ನ ಹೆಸರನ್ನು ಶಾಸನಗಳಲ್ಲಿ ಎಂದೂ ಬಳಸಲಿಲ್ಲವೆಂಬ ಸಿದ್ಧಾಂತ ಅಂಕಿಸಂಖ್ಯೆಗಳ ಬಲದಿಂದ ನಿಲ್ಲುತ್ತಿತ್ತು. 'ಈವರೆಗೆ ಕಂಡಿಲ್ಲ' ಎಂದು ಬರೆದಿದ್ದವನು ಮಸ್ಕಿಗಾಗಿ ಒಂದು ಬಾಗಿಲನ್ನು ತೆರೆದಿಟ್ಟಂತೆ ಆಗುತ್ತಿತ್ತು.

ಶಾಸನ ಸಂಪಾದಕರು ಈ ಭೇದಗಳನ್ನು ಬಲ್ಲರು. ಗ್ರೀಕ್ ಮತ್ತು ಲ್ಯಾಟಿನ್ ಶಾಸನಗಳ ಸಂಪಾದನೆಗಾಗಿ ೧೯೩೧ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಒಪ್ಪಿದ ಚಿಹ್ನೆಗಳಲ್ಲಿ, ಅಳಿದುಹೋದ ಅಕ್ಷರಗಳಿಗೆ ಚೌಕ ಆವರಣ, ಕಲ್ಲಿನ ಮೇಲೆ ಕೆತ್ತುವವನೇ ಬರಿದಾಗಿ ಬಿಟ್ಟ ಜಾಗಕ್ಕೆ 'ಬರಿದು' ಎಂಬರ್ಥದ ಲ್ಯಾಟಿನ್ ಶಬ್ದ, ಹೀಗೆ ಬೇರೆ ಬೇರೆ ಗುರುತುಗಳುಂಟು. ಆ ಪದ್ಧತಿಯನ್ನೇ ಗಣಕಯಂತ್ರಕ್ಕೆ ಒಗ್ಗಿಸಿದ ಎಪಿಡಾಕ್ ಎಂಬ ವ್ಯವಸ್ಥೆಯಲ್ಲಿಯೂ ಲುಪ್ತಭಾಗಕ್ಕೆ ಒಂದು ಚಿಹ್ನೆ, ಬಿಟ್ಟ ತೆರಪಿಗೆ ಇನ್ನೊಂದು ಚಿಹ್ನೆ. ಲೋಪಕ್ಕೆ ಕಾರಣವನ್ನೂ ಬರೆಯಲು ಸ್ಥಳವಿದೆ. ಇಷ್ಟು ಎಚ್ಚರದಿಂದ ಸಂಪಾದಿಸಿದ ಪಾಠದಿಂದ ನಾವು ಕೋಷ್ಟಕವನ್ನು ಮಾಡುವಾಗ ಈ ಎಲ್ಲ ಚಿಹ್ನೆಗಳನ್ನು ಒರೆಸಿ ಒಂದೇ ಬರಿದನ್ನು ಉಳಿಸುತ್ತೇವೆ. ಕೈಯಲ್ಲಿದ್ದ ಜ್ಞಾನವನ್ನು ಕೈಯಾರೆ ಕಳೆಯುವ ಕೆಲಸ ಇದು.

೩

ಅಭಾವವನ್ನು ಕುರಿತು ನಮ್ಮ ಶಾಸ್ತ್ರಕಾರರು ನಡೆಸಿದ ಚರ್ಚೆಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ವೈಶೇಷಿಕರ ಆರು ಪದಾರ್ಥಗಳಿಗೆ ಅಭಾವವು ಏಳನೆಯದಾಗಿ ಸೇರಿತು. ನೈಯಾಯಿಕರು ಅದನ್ನು ನಾಲ್ಕಾಗಿ ವಿಭಜಿಸಿದರು: ಹುಟ್ಟುವುದಕ್ಕೆ ಮುಂಚಿನ ಪ್ರಾಗಭಾವ, ನಾಶವಾದ ಮೇಲಿನ ಪ್ರಧ್ವಂಸಾಭಾವ, ಎಂದೂ ಇರದ ಅತ್ಯಂತಾಭಾವ, ಒಂದು ಇನ್ನೊಂದಲ್ಲವೆಂಬ ಅನ್ಯೋನ್ಯಾಭಾವ. ಹಲ್ಮಿಡಿಯ ಶಕವರ್ಷ ಮೊದಲನೆಯದನ್ನೂ, ಮುರಿದ ವೀರಗಲ್ಲಿನ ಶಕವರ್ಷ ಎರಡನೆಯದನ್ನೂ ನೆನಪಿಗೆ ತರುತ್ತವೆ. ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಅವರ ವಿಚಾರ ವಸ್ತುಗಳ ಅಭಾವವನ್ನು ಕುರಿತದ್ದು, ನಮ್ಮದು ದಾಖಲೆಯ ಅಭಾವವನ್ನು ಕುರಿತದ್ದು.

ನಮಗೆ ಹೆಚ್ಚು ಉಪಯುಕ್ತವಾದುದು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಪ್ರತ್ಯೇಕ ಪ್ರಮಾಣವೆಂದು ಒಪ್ಪಿದ ಅನುಪಲಬ್ಧಿ. ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು ಇದರ ಸ್ವರೂಪ. ಆದರೆ ಕಾಣದಿರುವಿಕೆಯೆಲ್ಲ ಪ್ರಮಾಣವಾಗದು. ವಸ್ತು ಅಲ್ಲಿ ಇದ್ದಿದ್ದರೆ ಖಂಡಿತವಾಗಿಯೂ ಕಾಣುತ್ತಿತ್ತು ಎಂಬ ಯೋಗ್ಯತೆ ಬೇಕು. ಹಗಲು ಬೆಳಕಿನಲ್ಲಿ ಬರಿ ನೆಲವನ್ನು ನೋಡಿ ಗಡಿಗೆಯಿಲ್ಲ ಎನ್ನಬಹುದು. ಕತ್ತಲೆಯ ಕೋಣೆಯಲ್ಲಿ ಕಾಣಲಿಲ್ಲವೆಂದು ಹಾಗೆ ಹೇಳಬರುವಂತಿಲ್ಲ. ಆಕರಗಳ ಮೌನದಿಂದ ವಾದಿಸುವ ಇತಿಹಾಸಕಾರನಿಗೂ ಇದಕ್ಕಿಂತ ಉತ್ತಮವಾದ ನಿಯಮವಿಲ್ಲ. ಕೋಷ್ಟಕದ ಮನೆ ಬರಿದಾಗಿದ್ದಾಗ ಕೇಳಬೇಕಾದ ಪ್ರಶ್ನೆ ಇದೇ: ಯಾರಾದರೂ ಬೆಳಕಿನಲ್ಲಿ ನೋಡಿ ಕಾಣಲಿಲ್ಲವೆಂದರೆ, ಅಥವಾ ನೋಡಲೇ ಇಲ್ಲವೆ?

೪

ಇನ್ನು ದತ್ತಸಂಚಯಗಳ ಶಾಸ್ತ್ರವನ್ನು ನೋಡೋಣ. ಇಂದು ಬಳಕೆಯಲ್ಲಿರುವ ಸಂಬಂಧಾತ್ಮಕ ಕೋಷ್ಟಕಗಳ ಸಿದ್ಧಾಂತವನ್ನು ಐಬಿಎಂ ಸಂಸ್ಥೆಯ ಸಂಶೋಧಕ ಇ. ಎಫ್. ಕಾಡ್ ೧೯೭೦ರಲ್ಲಿ ಪ್ರಕಟಿಸಿದರು. ೧೯೭೯ರ ಪ್ರಬಂಧದಲ್ಲಿ ಅವರು, ತಿಳಿಯದ ಮೌಲ್ಯಕ್ಕೆ 'ನಲ್' ಎಂಬ ಗುರುತನ್ನೂ, ಅದರೊಡನೆ ಸತ್ಯ, ಅಸತ್ಯ, ಅನಿಶ್ಚಿತ ಎಂಬ ಮೂರು ಮೌಲ್ಯಗಳ ತರ್ಕವನ್ನೂ ವಿವರಿಸಿದರು. ೧೯೮೬ರಲ್ಲಿ ಅಮೆರಿಕೆಯಲ್ಲಿ ಮಾನಕಗೊಂಡ ಎಸ್‌ಕ್ಯೂಎಲ್ ಭಾಷೆ ಇದೇ ದಾರಿಯನ್ನು ಹಿಡಿಯಿತು. ಈ ಕಲ್ಪನೆಯ ಹಿರಿಮೆಯನ್ನು ಮೊದಲು ಒಪ್ಪಬೇಕು. ಅದಕ್ಕೆ ಮುಂಚೆ ತಿಳಿಯದ ವಯಸ್ಸಿಗೆ ೯೯ ಎಂದೋ, ತಿಳಿಯದ ಮೊತ್ತಕ್ಕೆ ಸೊನ್ನೆಯೆಂದೋ ತುಂಬುವುದು ವಾಡಿಕೆಯಾಗಿತ್ತು. ಸೊನ್ನೆ ಒಂದು ಬೆಲೆ. ಮಳೆಮಾಪಕದಲ್ಲಿ ಸೊನ್ನೆ ಎಂದು ಬರೆದರೆ ಒಬ್ಬನು ಹೋಗಿ ನೋಡಿದನು, ಮಳೆ ಬಂದಿರಲಿಲ್ಲ ಎಂದರ್ಥ. ಯಾರೂ ಹೋಗಿ ನೋಡದ ದಿನಕ್ಕೆ ಸೊನ್ನೆ ಸಲ್ಲದು. ಅಜ್ಞಾನಕ್ಕೆ ಬೆಲೆಯ ವೇಷ ಹಾಕಬಾರದೆಂದು ಹೇಳಿದುದೇ ಕಾಡ್ ಅವರ ಉಪಕಾರ.

ನಲ್ ಮತ್ತು ಖಾಲಿ ಪಠ್ಯ ಇವುಗಳ ಭೇದವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಖಾಲಿ ಪಠ್ಯವೆಂದರೆ ಅಕ್ಷರಗಳ ಸಂಖ್ಯೆ ಸೊನ್ನೆಯಾಗಿರುವ ಪಠ್ಯ. ಅದು ಒಂದು ಉತ್ತರ: 'ಕೇಳಿದೆವು, ಇಲ್ಲವೆಂದು ತಿಳಿಯಿತು.' ನಲ್ ಎಂದರೆ ಉತ್ತರವೇ ಇಲ್ಲದಿರುವಿಕೆ. ಉಪನಾಮವಿಲ್ಲದ ವ್ಯಕ್ತಿಯ ಉಪನಾಮ ಖಾಲಿ ಪಠ್ಯ. ಉಪನಾಮವನ್ನು ಕೇಳದೆ ಬಿಟ್ಟ ವ್ಯಕ್ತಿಯದು ನಲ್. ಮಾನಕ ಭಾಷೆಯಲ್ಲಿ ಇವೆರಡೂ ಬೇರೆ. ಬಳಕೆಯಲ್ಲಿ ಈ ಭೇದ ನಿಲ್ಲುವುದು ಕಷ್ಟ. ಬಹು ಪ್ರಚಾರದಲ್ಲಿರುವ ಒರಾಕಲ್ ದತ್ತಸಂಚಯ ಸೊನ್ನೆ ಉದ್ದದ ಪಠ್ಯವನ್ನು ನಲ್ ಎಂದೇ ಪರಿಗಣಿಸುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್‌ಗಳು ಬೇರೆಯಾಗಿ ಇಡುತ್ತವೆ. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಕೋಷ್ಟಕವನ್ನು ಸಾಗಿಸಲು ಎಲ್ಲರೂ ಬಳಸುವ, ಅಲ್ಪವಿರಾಮಗಳಿಂದ ಮನೆಗಳನ್ನು ಬೇರ್ಪಡಿಸಿದ ಸರಳ ಕಡತದಲ್ಲಿ, ಎರಡು ವಿರಾಮಗಳ ನಡುವೆ ಏನೂ ಇಲ್ಲದಿದ್ದರೆ ಅದು ಯಾವುದೆಂದು ಹೇಳುವ ಸರ್ವಸಮ್ಮತ ನಿಯಮವಿಲ್ಲ. ಅರ್ಜಿನಮೂನೆಗಳಲ್ಲಿಯೂ ಇದೇ ಪಾಡು. ಅಂತರ್ಜಾಲದ ನಮೂನೆಯಲ್ಲಿ ಯಾರೂ ಮುಟ್ಟದ ಪಠ್ಯದ ಮನೆ ಖಾಲಿ ಪಠ್ಯವಾಗಿ ಹೋಗಿ ಸೇರುತ್ತದೆ. ಓದಿ ಬಿಟ್ಟವನು, ಓದದೆ ಬಿಟ್ಟವನು, ಹೇಳಲು ಒಲ್ಲದವನು, ಹೇಳಲು ಏನೂ ಇಲ್ಲದವನು ಎಲ್ಲರೂ ಅಲ್ಲಿ ಸಮಾನರು.

ಮೂರು ಮೌಲ್ಯಗಳ ತರ್ಕದ ಫಲವೂ ಓದುಗನನ್ನು ಮೋಸಗೊಳಿಸಬಲ್ಲದು. ನಮ್ಮ ಕೋಷ್ಟಕದಿಂದ ಶಕ ೪೬೫ಕ್ಕಿಂತ ಹಿಂದಿನ ಶಾಸನಗಳನ್ನು ಕೇಳಿ, ಬಳಿಕ ಶಕ ೪೬೫ರವನ್ನೂ ಅದಕ್ಕೆ ಈಚಿನವನ್ನೂ ಕೇಳಿದರೆ, ಎರಡು ಉತ್ತರಗಳ ಮೊತ್ತ ಒಟ್ಟು ಶಾಸನಗಳ ಸಂಖ್ಯೆಗೆ ಸಮನಾಗದು. ವರ್ಷದ ಮನೆ ನಲ್ ಆಗಿರುವ ಶಾಸನಗಳು ಎರಡು ಪಟ್ಟಿಗಳಿಂದಲೂ ಜಾರಿಹೋಗುತ್ತವೆ. ಅವುಗಳ ವಿಷಯದಲ್ಲಿ ಉತ್ತರ ಅನಿಶ್ಚಿತ, ಅನಿಶ್ಚಿತವಾದುದನ್ನು ಯಂತ್ರ ಪಟ್ಟಿಗೆ ಸೇರಿಸದು. ಇದು ತರ್ಕದೃಷ್ಟಿಯಿಂದ ಸರಿಯೇ. ಆದರೆ ಯಂತ್ರ ಈ ಜಾರುವಿಕೆಯನ್ನು ಹೇಳುವುದಿಲ್ಲ. ಸರಾಸರಿಯನ್ನು ಕೇಳಿದರೂ ಹಾಗೆಯೇ. ನಲ್ ಇರುವ ಸಾಲುಗಳನ್ನು ಬಿಟ್ಟು ಉಳಿದವುಗಳ ಸರಾಸರಿಯನ್ನು ಸದ್ದಿಲ್ಲದೆ ಕೊಡುತ್ತದೆ. ಹೀಗಾಗಿ ಹಲ್ಮಿಡಿಯಂಥ ಶಾಸನವೇ ಕಾಲಾನುಕ್ರಮದ ಚರ್ಚೆಯಿಂದ ಕಾಣೆಯಾಗಲು ಸಾಧ್ಯ.

ಈ ಕೊರತೆಯನ್ನು ಶಾಸ್ತ್ರಜ್ಞರು ಅರಿಯದವರಲ್ಲ. ೧೯೭೫ರಲ್ಲಿಯೇ ಅಮೆರಿಕೆಯ ಮಾನಕ ಸಂಸ್ಥೆಯ ಅಧ್ಯಯನ ಮಂಡಲಿಯೊಂದರ ಮಧ್ಯಂತರ ವರದಿ ಮನೆ ಬರಿದಾಗುವ ಹದಿನಾಲ್ಕು ಬಗೆಗಳನ್ನು ಪಟ್ಟಿಮಾಡಿತ್ತು. ಕಾಡ್ ತಾವೇ ೧೯೯೦ರ ಗ್ರಂಥದಲ್ಲಿ ನಲ್ ಒಂದೇ ಸಾಲದೆಂದು ಕಂಡು, ಅನ್ವಯಿಸುತ್ತದೆಯಾದರೂ ತಿಳಿಯದುದಕ್ಕೆ ಒಂದು, ಅನ್ವಯಿಸಲಾರದುದಕ್ಕೆ ಇನ್ನೊಂದು, ಹೀಗೆ ಎರಡು ಗುರುತುಗಳನ್ನು ಸೂಚಿಸಿದರು. ಅದರಿಂದ ತರ್ಕ ನಾಲ್ಕು ಮೌಲ್ಯಗಳದ್ದಾಯಿತು. ಬಳಕೆಯ ಭಾಷೆ ಅದನ್ನು ಕೈಗೊಳ್ಳಲಿಲ್ಲ. ಕಾಡ್ ಅವರ ಮತವನ್ನು ಪ್ರಚುರಪಡಿಸಿದವರಲ್ಲಿ ಪ್ರಮುಖರಾದ ಸಿ. ಜೆ. ಡೇಟ್ ನಲ್ ಎಂಬುದನ್ನೇ ತೆಗೆದುಹಾಕಬೇಕೆಂದು ಬಹುಕಾಲದಿಂದ ವಾದಿಸಿದ್ದಾರೆ. ನಮ್ಮ ದೃಷ್ಟಿಯಲ್ಲಿ ಇಬ್ಬರ ವಾದದಲ್ಲಿಯೂ ಒಂದು ಅಂಶ ಉಳಿದುಹೋಗಿದೆ. ಇಬ್ಬರೂ ಕೇಳುವುದು ಬರಿದಾದ ಮನೆಯನ್ನು ಯಂತ್ರ ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು. ಅದು ಯಾರಿಂದ, ಯಾವಾಗ, ಏಕೆ ಬರಿದಾಯಿತೆಂಬುದು ಇತಿಹಾಸದ ಪ್ರಶ್ನೆ; ಅದನ್ನು ತರ್ಕದ ಮೌಲ್ಯಗಳನ್ನು ಹೆಚ್ಚಿಸಿ ಪರಿಹರಿಸಲಾಗದು.

೫

ಇದು ಕೇವಲ ಶಾಸನಗಳ ಮಟ್ಟಿನ ಮಾತಲ್ಲವೆಂಬುದಕ್ಕೆ ಭಾರತದ ಜನಗಣತಿ ಸಾಕ್ಷಿ. ದೇಶದಾದ್ಯಂತ ಏಕಕಾಲದಲ್ಲಿ ನಡೆದ ಮೊದಲ ಗಣತಿ ೧೮೮೧ರದು. ಅಂದಿನಿಂದ ಹತ್ತು ವರ್ಷಗಳಿಗೊಮ್ಮೆ ಬಂದ ಈ ಪರಂಪರೆಯನ್ನು ಒಂದೇ ಉದ್ದನೆಯ ಕೋಷ್ಟಕವಾಗಿ ಜೋಡಿಸಿದರೆ ಅಲ್ಲಲ್ಲಿ ಬರಿದಾದ ಮನೆಗಳು ಕಾಣುತ್ತವೆ. ೧೯೪೧ರಲ್ಲಿ ಎಣಿಕೆ ನಡೆಯಿತು. ಯುದ್ಧದ ಕಾರಣದಿಂದ ಕೋಷ್ಟಕಗಳ ಸಿದ್ಧತೆಯನ್ನು ಬಹುವಾಗಿ ಮೊಟಕುಗೊಳಿಸಲಾಯಿತು. ೧೯೫೧ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಗಣತಿ ನಡೆಯಲಿಲ್ಲ. ೧೯೮೧ರಲ್ಲಿ ಅಸ್ಸಾಮಿನಲ್ಲಿ ನಡೆಯಲಿಲ್ಲ. ೧೯೯೧ರಲ್ಲಿ ಮತ್ತೆ ಜಮ್ಮು ಮತ್ತು ಕಾಶ್ಮೀರದಲ್ಲಿ ನಡೆಯಲಿಲ್ಲ. ೨೦೨೧ರ ಗಣತಿ ಆ ವರ್ಷದಲ್ಲಿ ನಡೆಯಲೇ ಇಲ್ಲ. ಇವುಗಳಲ್ಲಿ ಒಂದೊಂದೂ ಬೇರೆ ಬಗೆಯ ಬರಿದು. ರಾಷ್ಟ್ರದ ಒಟ್ಟು ಸಂಖ್ಯೆಯನ್ನು ಕೊಡುವಾಗ ಗಣತಿ ನಡೆಯದ ಪ್ರಾಂತಗಳಿಗೆ ಅಂದಾಜಿನ ಅಂಕಿಯನ್ನು ಸೇರಿಸಿದ್ದಾರೆ. ಮುದ್ರಿತ ಪುಟದಲ್ಲಿ ಅದಕ್ಕೆ ಅಡಿಟಿಪ್ಪಣಿಯುಂಟು. ಕೋಷ್ಟಕವನ್ನು ಯಂತ್ರಕ್ಕೆ ಏರಿಸುವಾಗ ಅಂಕಿ ಏರುತ್ತದೆ, ಅಡಿಟಿಪ್ಪಣಿ ಕೆಳಗೇ ಉಳಿಯುತ್ತದೆ.

ಜಾತಿಯ ಅಂಕಣ ಇನ್ನೂ ಬೋಧಪ್ರದವಾದ ಉದಾಹರಣೆ. ೧೯೩೧ರ ಗಣತಿ ಎಲ್ಲ ಜಾತಿಗಳ ವಿವರವಾದ ಕೋಷ್ಟಕಗಳನ್ನು ಕೊಟ್ಟಿತು. ೧೯೫೧ರಿಂದ ೨೦೧೧ರವರೆಗಿನ ಗಣತಿಗಳು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳನ್ನು ಬಿಟ್ಟು ಉಳಿದ ಜಾತಿಗಳ ಎಣಿಕೆಯನ್ನು ಕೊಡಲಿಲ್ಲ. ಒಂದು ಸಮುದಾಯದ ಮುಂದಿನ ಅಂಕಣ ೧೯೩೧ರ ಬಳಿಕ ಬರಿದಾಗಿದೆಯೆಂದು ಆ ಸಮುದಾಯ ಕ್ಷೀಣಿಸಿತೆಂದು ಯಾರೂ ಹೇಳರು. ಏಕೆಂದರೆ ಈ ಬರಿದಿನ ಕಾರಣ ಎಲ್ಲರಿಗೂ ತಿಳಿದಿದೆ. ತಿಳಿಯದ ಕಡೆ ಮಾತ್ರ ನಾವು ಅಂಥ ನಿರ್ಣಯಗಳನ್ನು ಧೈರ್ಯದಿಂದ ಮಾಡುತ್ತೇವೆ.

ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ಈ ಮಾತಿಗೆ ದುಃಖಕರವಾದ ನಿದರ್ಶನವಿದೆ. ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ನಡುವೆ ೧೮೭೬-೭೮ರ ಮಹಾಕ್ಷಾಮ ಹಾದುಹೋಗಿತ್ತು. ಕ್ಷಾಮದಲ್ಲಿ ಸತ್ತವರು ದಾರಿಯಲ್ಲಿ ಸತ್ತರು, ಊರು ಬಿಟ್ಟು ಸತ್ತರು. ಸಾವನ್ನು ಬರೆದುಕೊಳ್ಳಬೇಕಾದ ಗ್ರಾಮದ ವ್ಯವಸ್ಥೆಯೇ ಕುಸಿಯುವಂಥ ಕಾಲದಲ್ಲಿ ಮರಣದ ದಾಖಲೆ ಪೂರ್ಣವಾಗಿರುವುದು ಅಸಂಭವ. ಅಂಥ ಕಾಲದ ಮರಣಪಟ್ಟಿಯಲ್ಲಿ ಬರಿದಾಗಿರುವ ಪುಟವನ್ನು 'ಯಾರೂ ಸಾಯಲಿಲ್ಲ' ಎಂದು ಓದುವುದಕ್ಕಿಂತ ಘೋರವಾದ ತಪ್ಪು ಇನ್ನಾವುದಿದೆ? ಬರೆಯುವವನು ಇಲ್ಲದಿದ್ದುದರಿಂದ ಪುಟ ಬರಿದಾಯಿತು. ಹೆಚ್ಚು ಮಂದಿ ಸತ್ತ ಕಡೆಯೇ ಪಟ್ಟಿ ಹೆಚ್ಚು ಬರಿದಾಗಿರುವ ಸಂಭವವುಂಟು.

ಬರಿದನ್ನು ಒಪ್ಪದೆ ಉತ್ತರವನ್ನು ಬಲವಂತಪಡಿಸಿದರೂ ಸತ್ಯ ದೊರೆಯದು. ಭಾರತದ ಗಣತಿಗಳಲ್ಲಿ ೦ ಮತ್ತು ೫ರಲ್ಲಿ ಮುಗಿಯುವ ವಯಸ್ಸುಗಳಿಗೆ ಜನರು ರಾಶಿಬೀಳುವುದು ಸುಪ್ರಸಿದ್ಧ. ತನ್ನ ವಯಸ್ಸನ್ನು ಅರಿಯದ ರೈತನನ್ನು ಎಣಿಕೆದಾರನು ನೋಡಿ ನಲವತ್ತೆಂದೋ ನಲವತ್ತೈದೆಂದೋ ಬರೆದುಕೊಂಡನು. ಕೋಷ್ಟಕದಲ್ಲಿ ಮನೆ ತುಂಬಿದೆ, ಜ್ಞಾನ ತುಂಬಿಲ್ಲ. ಗಣತಿಯ ಪಟ್ಟಿಗಳಲ್ಲಿರುವ 'ವಯಸ್ಸು ಹೇಳಿಲ್ಲ' ಎಂಬ ಸಾಲು ಇದರ ಮುಂದೆ ಎಷ್ಟೋ ಪ್ರಾಮಾಣಿಕವಾದುದು.

೬

ಬದುಕಿರುವವರಿಗೂ ಈ ವಿಚಾರದಲ್ಲಿ ಹಕ್ಕುಬಾಧ್ಯತೆಗಳುಂಟು. ಕನ್ನಡನಾಡಿನಲ್ಲಿ ಅನೇಕರಿಗೆ ಉಪನಾಮವಿಲ್ಲ. ಹೆಸರಿನ ಮುಂದೆ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಇರುತ್ತದೆ. ಅಂಥವರು ವಿದೇಶದ ನಮೂನೆಗಳನ್ನು ತುಂಬುವಾಗ ಉಪನಾಮದ ಮನೆ ಅವರನ್ನು ತಡೆಯುತ್ತದೆ. ರಹದಾರಿಯಲ್ಲಿ ಒಂದೇ ಹೆಸರಿದ್ದರೆ ಅಮೆರಿಕೆಯ ವೀಸಾದಲ್ಲಿ ಅದು ಉಪನಾಮದ ಮನೆಗೆ ಹೋಗಿ, ಸ್ವಂತ ಹೆಸರಿನ ಮನೆಯಲ್ಲಿ 'ಮೊದಲ ಹೆಸರು ಅಜ್ಞಾತ' ಎಂಬರ್ಥದ ಮೂರಕ್ಷರ ಕೂಡುತ್ತದೆ. ಹೆಸರು ಅಜ್ಞಾತವಾಗಿಲ್ಲ, ಎಲ್ಲರಿಗೂ ಗೊತ್ತಿದೆ. ಅನ್ವಯಿಸದುದನ್ನು ತಿಳಿಯದುದೆಂದು ಬರೆದ ತಪ್ಪು ಒಬ್ಬನ ಗುರುತಿನ ಪತ್ರದ ಮೇಲೆ ಕುಳಿತಿದೆ.

ತಂದೆಯ ಹೆಸರಿನ ಮನೆಯ ಕಥೆ ಇನ್ನೂ ಗಂಭೀರ. ಒಬ್ಬಳೇ ಮಗುವನ್ನು ಸಾಕಿದ ತಾಯಿಗೆ ಆ ಮನೆ ಬರಿದಾಗಿದ್ದರೆ ಅರ್ಜಿ ಮುಂದೆ ಸಾಗುತ್ತಿರಲಿಲ್ಲ. ೨೦೧೬ರ ಡಿಸೆಂಬರಿನಲ್ಲಿ ಭಾರತದ ರಹದಾರಿಯ ನಿಯಮಗಳನ್ನು ಸಡಿಲಿಸಿ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಹೆಸರು ಸಾಕೆಂದು ಮಾಡಲಾಯಿತು. ಬರಿದಾದ ಮನೆಯನ್ನು ಅಪರಾಧವೆಂದು ಕಾಣದೆ ಒಂದು ಉತ್ತರವೆಂದು ಸರ್ಕಾರ ಒಪ್ಪಿಕೊಂಡ ಪ್ರಸಂಗ ಇದು. ನಮೂನೆ ಬರಿದನ್ನು ಒಪ್ಪದೆ ಇದ್ದಷ್ಟು ಕಾಲ ಜನರು ಅಡ್ಡಗೆರೆಯನ್ನೋ, ಚುಕ್ಕೆಯನ್ನೋ, ಸುಳ್ಳು ಹೆಸರನ್ನೋ ಬರೆದು ಪಾರಾಗುತ್ತಾರೆ. ಮುಂದಿನ ಇತಿಹಾಸಕಾರನು ಅವನ್ನು ನಿಜವೆಂದು ಎಣಿಸುತ್ತಾನೆ. ಗುರುತನ್ನೇ ಬೆಲೆಯೆಂದು ತಿಳಿದಾಗ ಆಗುವ ವಿಪರ್ಯಾಸಕ್ಕೆ ೨೦೧೯ರಲ್ಲಿ ವರದಿಯಾದ ಕ್ಯಾಲಿಫೋರ್ನಿಯದ ಪ್ರಸಂಗ ಸಾಕು. ಒಬ್ಬನು ತನ್ನ ಕಾರಿನ ಸಂಖ್ಯಾಫಲಕಕ್ಕೆ 'ನಲ್' ಎಂಬ ಶಬ್ದವನ್ನೇ ಪಡೆದನು. ಫಲಕದ ಸಂಖ್ಯೆಯನ್ನು ಬರೆಯದೆ ಬಿಟ್ಟಿದ್ದ ಯಾರು ಯಾರದೋ ದಂಡದ ಚೀಟಿಗಳು, ಒಟ್ಟು ಹನ್ನೆರಡು ಸಾವಿರ ಡಾಲರುಗಳಿಗೂ ಮೀರಿ, ಅವನ ಮನೆಗೆ ಬಂದವು.

೭

ಇಲ್ಲಿ ಒಂದು ಆಕ್ಷೇಪ ಬರಬಹುದು: ಹದಿನಾಲ್ಕು ಬಗೆಯ ಬರಿದುಗಳನ್ನು ಗುರುತಿಸುತ್ತ ಕುಳಿತರೆ ಕೋಷ್ಟಕ ಮುಗಿಯುವುದೆಂದು? ಆಕ್ಷೇಪ ಯುಕ್ತವಾದುದೇ. ಭೇದಗಳು ಹೆಚ್ಚಿದಷ್ಟ�� ಬರೆಯುವವರು ತಪ್ಪುವುದೂ ಹೆಚ್ಚು. ಆದುದರಿಂದ ನಮ್ಮ ಸೂಚನೆ ಮಿತವಾದುದು. ಸಂದೇಹಕ್ಕೆ ಎಡೆಯಿರುವ ಪ್ರತಿಯೊಂದು ಅಂಕಣದ ಪಕ್ಕದಲ್ಲಿ 'ಸ್ಥಿತಿ' ಎಂಬ ಒಂದು ಅಂಕಣವಿರಲಿ. ಮೌಲ್ಯದ ಮನೆ ಬರಿದಾಗಿದ್ದಾಗ ಅದರಲ್ಲಿ ಐದು ಮಾತುಗಳಲ್ಲಿ ಒಂದನ್ನು ಬರೆಯಬೇಕು. ಆಕರ ಪೂರ್ಣವಾಗಿದ್ದು ಆ ವಿಷಯದಲ್ಲಿ ಮೌನವಾಗಿದ್ದರೆ 'ಹೇಳಿಲ್ಲ'. ಇದ್ದುದು ಅಳಿದುಹೋಗಿದ್ದರೆ 'ನಷ್ಟ'. ಪ್ರಶ್ನೆಯೇ ಸಲ್ಲದಿದ್ದರೆ 'ಅನ್ವಯಿಸದು'. ಆಕರವೇ ಇಲ್ಲವೆಂದು ಹೇಳಿದ್ದರೆ 'ಇಲ್ಲವೆಂದಿದೆ'. ಸಂಶೋಧಕನು ಇನ್ನೂ ನೋಡದಿದ್ದರೆ, ನಾಚಿಕೆಪಡದೆ, 'ನೋಡಿಲ್ಲ'. ಇವುಗಳಲ್ಲಿ ನಾಲ್ಕನೆಯದು ಮಾತ್ರ ಖಾಲಿ ಪಠ್ಯಕ್ಕೆ ಸಮ. ಉಳಿದ ನಾಲ್ಕು ನಲ್‌ನ ಒಡಲಲ್ಲಿ ಅಡಗಿರುವ ಬೇರೆ ಬೇರೆ ಸಂಗತಿಗಳು. ಹಲ್ಮಿಡಿಯ ಕಾಲದಂತೆ ವಿದ್ವಾಂಸರ ಅಂದಾಜನ್ನು ತುಂಬಿದ್ದರೆ 'ಅಂದಾಜು' ಎಂದೂ ಅದೇ ಅಂಕಣದಲ್ಲಿ ಬರೆಯಬಹುದು. ಇದೇನೂ ಹೊಸ ಕಲ್ಪನೆಯಲ್ಲ. ಆಧಾರ್ ವ್ಯವಸ್ಥೆಯಲ್ಲಿ ಜನ್ಮದಿನದ ಜೊತೆಗೆ ಅದು ದಾಖಲೆಯಿಂದ ದೃಢವಾದುದೋ, ವ್ಯಕ್ತಿ ಹೇಳಿದುದೋ, ಅಂದಾಜೋ ಎಂಬುದನ್ನೂ ಬರೆದುಕೊಳ್ಳುವ ಏರ್ಪಾಡು ಇದೆ.

ಇದರೊಡನೆ ನೋಡಿದವರ ಹೆಸರು ಮತ್ತು ನೋಡಿದ ದಿನಾಂಕ ಇರಬೇಕು. 'ಇಲ್ಲ' ಎಂಬ ಮಾತಿಗೆ ಕಾಲವುಂಟು. ೧೯೧೪ರ 'ಇಲ್ಲ' ೧೯೧೫ರಲ್ಲಿ ಮಸ್ಕಿಯ ಬಂಡೆಯ ಮುಂದೆ ಸುಳ್ಳಾಯಿತು. ಯಾವಾಗ ನೋಡಿದೆವೆಂಬುದನ್ನು ಬರೆದಿಟ್ಟರೆ ಮುಂದೆ ಬರುವವನು ಮತ್ತೆ ನೋಡಬೇಕಾದ ಕಡೆಗಳನ್ನು ತಾನೇ ಆರಿಸಿಕೊಳ್ಳುತ್ತಾನೆ.

ಮೇಲೆ ಹೇಳಿದ ವಿದ್ಯಾರ್ಥಿಗಳು ಈ ರೀತಿಯಲ್ಲಿ ತಮ್ಮ ಕೋಷ್ಟಕವನ್ನು ಮರಳಿ ತುಂಬಿದರು. ಕೆಲಸಕ್ಕೆ ಮೊದಲಿಗಿಂತ ಹೆಚ್ಚು ಕಾಲ ಹಿಡಿಯಿತು. ಏಕೆಂದರೆ 'ಹೇಳಿಲ್ಲ' ಎಂದು ಬರೆಯಬೇಕಾದರೆ ಶಾಸನವನ್ನು ಕೊನೆಯವರೆಗೂ ಓದಲೇಬೇಕು. ಸ್ತ್ರೀದಾನಿಗಳ ವಿಷಯದ ಪ್ರಬಂಧವನ್ನು ಆ ವಿದ್ಯಾರ್ಥಿನಿ ಕೈಬಿಡಲಿಲ್ಲ. ಸವೆದ ಕಲ್ಲುಗಳನ್ನೂ ಓದದೆ ಬಿಟ್ಟವನ್ನೂ ಬೇರೆ ತೆಗೆದ ಮೇಲೆ, ಕಲ್ಲು ಸುಸ್ಥಿತಿಯಲ್ಲಿದ್ದೂ ಗಂಡನ ಹೆಸರನ್ನೂ ತಂದೆಯ ಹೆಸರನ್ನೂ ಹೇಳದೆ ತನ್ನ ಹೆಸರನ್ನು ಮಾತ್ರ ಕೆತ್ತಿಸಿದ ಕೆಲವರು ಉಳಿದರು. ಅವರು ಅವಿವಾಹಿತೆಯರೆಂದು ಅವಳು ಈಗ ಬರೆಯುವುದಿಲ್ಲ. ದಾನದ ಕಲ್ಲಿನ ಮೇಲೆ ತಮ್ಮ ಹೆಸರೊಂದೇ ಸಾಕೆಂದು ಅವರಿಗೆ ತೋರಿತ್ತು ಎಂದಷ್ಟೇ ಬರೆದಿದ್ದಾಳೆ. ಅಷ್ಟನ್ನು ಆ ಕಲ್ಲುಗಳು ಹೇಳುತ್ತವೆ.